ಪಿಕಪ್‌ನ ಅಡಿಯಲ್ಲಿ ಒಮ್ಮೆ ಮಲಗಿ ನೋಡಿ

ಜೂನ್ 1 ಬಂತೆಂದರೆ ಮಂಗಳೂರಿನ ದಕ್ಕೆಯಲ್ಲಿ ಗಲಾಟೆ ಇಳಿಯುತ್ತದೆ. ಜುಲೈ 31ರ ತನಕ ಯಾಂತ್ರಿಕ ಬೋಟುಗಳು ಕಡಲಿಗೆ ಹೋಗಲಿಕ್ಕಿಲ್ಲ. ಬೋಟು ದಡದಲ್ಲಿ ನಿಂತರೆ ಅದನ್ನು ನಂಬಿದ ಐಸ್ ಪ್ಲಾಂಟು, ಬುಟ್ಟಿ ಹೊರುವವರು, ಘಟ್ಟಕ್ಕೆ ಮೀನು ಒಯ್ಯುವ ಗಾಡಿ ಎಲ್ಲಕ್ಕೂ ರಜೆ. ಉಳ್ಳಾಲದಿಂದ ಫರಂಗಿಪೇಟೆಯವರೆಗೆ ನಮ್ಮವರ ಎಷ್ಟೋ ಮನೆಗಳ ಅಂಗಳದಲ್ಲಿ ಆ ಎರಡು ತಿಂಗಳು ಟಾರ್ಪಾಲು ಹೊದ್ದ ಒಂದು ಪಿಕಪ್ ನಿಂತಿರುತ್ತದೆ. ಅದಕ್ಕೆ ಪೈಂಟ್ ಆಗುತ್ತದೆ, ಸೀಟಿಗೆ ಹೊಸ ಕವರ್ ಬರುತ್ತದೆ, ಗ್ಲಾಸಿಗೆ ‘ಮಾಶಾ ಅಲ್ಲಾಹ್’ ಸ್ಟಿಕ್ಕರ್ ಹೊಸದಾಗಿ ಅಂಟುತ್ತದೆ. ಅಡಿಗೆ ಹೋಗಿ ಮಲಗಿ ನೋಡುವವರು ಮಾತ್ರ ಕಡಿಮೆ.

ನೋಡಬೇಕಾದ್ದು ಅಲ್ಲೇ ಉಂಟು. ತೆಂಗಿನಕಾಯಿ ಕೊಯ್ಯುವ ಏಣಿಯನ್ನು ನೆಲಕ್ಕೆ ಮಲಗಿಸಿದರೆ ಹೇಗೆ ಕಾಣುತ್ತದೋ ಪಿಕಪ್‌ನ ಚಾಸಿಸ್ ಹಾಗೆಯೇ. ಉದ್ದಕ್ಕೆ ಉಕ್ಕಿನ ಎರಡು ತೊಲೆ, ನಡುನಡುವೆ ಅಡ್ಡಪಟ್ಟಿ. ಎಂಜಿನ್, ಕ್ಯಾಬಿನ್, ಹಿಂದಿನ ಬಾಡಿ ಎಲ್ಲ ಕೂತಿರುವುದು ಇದರ ಮೇಲೆ. ಚಕ್ರದ ಆಕ್ಸಲ್ ಪ್ಲೇಟುಗಳ ಮೂಲಕ ಇದಕ್ಕೇ ಕಟ್ಟಿಕೊಂಡಿದೆ. ಪ್ಲೇಟು ಎಂದರೆ ಒಂದರ ಮೇಲೊಂದು ಜೋಡಿಸಿದ ಬಿಲ್ಲಿನಂಥ ಲೀಫ್ ಸ್ಪ್ರಿಂಗ್. ಕೆಲವರು ಬ್ಲೇಡ್ ಅನ್ನುತ್ತಾರೆ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ. ಅದರ ಮೇಲೆ ಕಡಲ ಗಾಳಿ. ಮೀನಿನ ಗಾಡಿಗಾದರೆ ಇವೆರಡರ ಜೊತೆಗೆ ಐಸ್ ಕರಗಿದ ಉಪ್ಪುನೀರು, ದಿನಾ, ತಾಸುಗಟ್ಟಲೆ, ತೊಟ್ಟುತೊಟ್ಟಾಗಿ. ಆ ನೀರು ಬಾಡಿಯಿಂದ ಸೋರಿ ರಸ್ತೆಗೆ ಬಿದ್ದರೆ ಬೈಕಿನವರು ಬೈಯುತ್ತಾರೆ, ಹಾಗಾಗಿ ಅದು ನಮ್ಮ ಕಣ್ಣಿಗೂ ಬೀಳುತ್ತದೆ. ಚಾಸಿಸ್‌ಗೆ ಬಿದ್ದದ್ದನ್ನು ಯಾರೂ ಹೇಳುವುದಿಲ್ಲ. ನಮ್ಮ ಕಾಕ ರಿಯಾದಿನಲ್ಲಿ ಹದಿನಾಲ್ಕು ವರ್ಷ ವೆಲ್ಡಿಂಗ್ ಮಾಡಿ ಊರಿಗೆ ಬಂದವರು. ಆ ಒಣ ಹವೆಯಲ್ಲಿ ಇಪ್ಪತ್ತು ವರ್ಷದ ಪಿಕಪ್‌ನ ಅಡಿಯಲ್ಲೂ ಕಂಪೆನಿಯ ಕಪ್ಪು ಪೈಂಟ್ ನೋಡಿದವರು. ನಮ್ಮ ಗಾಡಿಯ ಅಡಿಗೆ ಟಾರ್ಚ್ ಹಾಕಿ ಅವರು ಕೇಳಿದ್ದು ಒಂದೇ ಮಾತು: “ಇದನ್ನು ಕಡಲಲ್ಲಿ ಓಡಿಸ್ತಿದ್ರಾ ನೀವು?”

ನಮ್ಮ ಪಿಕಪ್‌ಗೆ ಹನ್ನೆರಡು ವರ್ಷ. ನಮ್ಮ ಕೈಗೆ ಬಂದು ಆರು. ದಕ್ಕೆಯಿಂದ ಶಿರಾಡಿ ಹತ್ತಿ ಹಾಸನಕ್ಕೆ ಮೀನು. ಓಡಿಸುವವನು ತಾತನ ಮಗ, ಇಪ್ಪತ್ತಮೂರರ ಹುಡುಗ. ಮೇ ತಿಂಗಳಲ್ಲಿ ಅವನೇ ಒಂದು ಸಂಗತಿ ಹೇಳಿದ. ಕ್ಯಾಬಿನ್‌ಗೂ ಹಿಂದಿನ ಬಾಡಿಗೂ ನಡುವೆ ಇರುವ ಸಂದು ಕೆಳಗೆ ಅಗಲ, ಮೇಲೆ ಕಿರಿದು ಆಗಿದೆ, ಖಾಲಿ ನಿಂತಾಗಲೂ ಹಾಗೇ ಎಂದು. ಇದನ್ನು ನೀವೂ ನೆನಪಿಟ್ಟುಕೊಳ್ಳಿ. ಆ ಸಂದು ಮೊದಲಿಗಿಂತ ಬೇರೆಯಾಗಿ ಕಂಡರೆ ಬಾಡಿಯ ಬೋಲ್ಟು ಸಡಿಲ ಆಗಿರಬಹುದು, ಇಲ್ಲವೇ ತೊಲೆಯೇ ಬಾಗುತ್ತಿರಬಹುದು. ಎರಡನೆಯದಾದರೆ ಘಾಟಿಯ ತಿರುವಿನಲ್ಲಿ ಅದಕ್ಕೆ ಉತ್ತರ ಸಿಗುವುದು ಬೇಡ.

ಮನೆಯಲ್ಲಿ ಮಾತು ಎರಡಾಯಿತು. ಹೊಸ ಪಿಕಪ್ ಅಂದರೆ ಹತ್ತು ಲಕ್ಷದ ಹತ್ತಿರದ ಲೆಕ್ಕ. ಬಡ್ಡಿಯ ಸಾಲಕ್ಕೆ ಬಾಪ ಒಪ್ಪುವವರಲ್ಲ. ಇದ್ದದ್ದನ್ನೇ ತಗಡು ಬಡಿದು ಇನ್ನೆರಡು ವರ್ಷ ಓಡಿಸುವ ಎಂದರು. ಉಮ್ಮ ಮಾತ್ರ ಕಾಕನನ್ನು ಕರೆದು, “ಮೋನೆ, ಕಬ್ಬಿಣ ಗಟ್ಟಿ ಉಂಟಾದರೆ ಸರಿ ಮಾಡಿ. ಇಲ್ಲದಿದ್ದರೆ ಗುಜರಿಗೆ ಹಾಕಿ. ತಗಡು ಬಡಿದ ಗಾಡಿಯಲ್ಲಿ ನನ್ನ ಮೊಮ್ಮಗನನ್ನು ಕಳಿಸ್ಲಿಕ್ಕೆ ನಾನು ಬಿಡುವುದಿಲ್ಲ” ಎಂದುಬಿಟ್ಟರು. ಹಾಗೆ ತೀರ್ಮಾನ ಸುತ್ತಿಗೆಗೆ ಬಿತ್ತು.

ಸುತ್ತಿಗೆಯ ತೀರ್ಪು

ಚಾಸಿಸ್ ಪರೀಕ್ಷೆಗೆ ದೊಡ್ಡ ಯಂತ್ರ ಬೇಡ. ಚಿಕ್ಕ ಸುತ್ತಿಗೆ, ಉದ್ದದ ಸ್ಕ್ರೂ ಡ್ರೈವರ್, ತಂತಿ ಬ್ರಷ್, ಒಂದು ಟಾರ್ಚ್ ಸಾಕು. ಮೊದಲು ಕೆಸರು ತೊಳೆದು ಒಣಗಿಸಬೇಕು. ಆಮೇಲೆ ಮುಂದಿನ ಬಂಪರಿನಿಂದ ಹಿಡಿದು ಹಿಂದಿನ ತುದಿಯ ತನಕ ಅರ್ಧ ಗೇಣಿಗೊಂದು ಏಟಿನಂತೆ ಎರಡೂ ತೊಲೆಗಳನ್ನು ಮೆಲ್ಲ ಬಡಿಯುತ್ತಾ ಹೋಗಬೇಕು. ಗಟ್ಟಿ ಉಕ್ಕು ಟಣ್ ಎನ್ನುತ್ತದೆ. ತಿಂದು ಹೋದದ್ದು ಹಣ್ಣಾದ ಹಲಸಿನಂತೆ ದಬ್ ಎನ್ನುತ್ತದೆ. ದಬ್ ಎಂದಲ್ಲಿ ಸ್ಕ್ರೂ ಡ್ರೈವರ್ ಒತ್ತಿ ನೋಡಿ, ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು. ದಪ್ಪ ನೋಡಿ ಮೋಸ ಹೋಗಬಾರದು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಗ ತೆಗೆದುಕೊಳ್ಳುತ್ತದೆ. ಊದಿಕೊಂಡ ಜಾಗವೇ ಹೆಚ್ಚು ಬಡವಾದ ಜಾಗ.

ನಮ್ಮದರಲ್ಲಿ ಬಲ ತೊಲೆ ಪೂರ್ತಿ ಟಣ್. ಎಡ ತೊಲೆಯೂ ಕ್ಯಾಬಿನ್ ತನಕ ಗಟ್ಟಿ. ಹಿಂದಿನ ಪ್ಲೇಟಿನ ಮುಂಭಾಗದ ಹ್ಯಾಂಗರ್ ಕೂರುವಲ್ಲಿ ಒಂದು ಮೊಳದಷ್ಟು ದಬ್. ಅದರ ಪಕ್ಕದ ಒಂದು ಅಡ್ಡಪಟ್ಟಿ ಕೈಯಲ್ಲಿ ಪುಡಿಯಾಗಿ ಬಂತು. ಅಲ್ಲಿಯೇ ಯಾಕೆ? ಆ ಜಾಗದಲ್ಲಿ ಭಾರ ಜಾಸ್ತಿ ಎಂದು ತೊಲೆಯ ಒಳಗೆ ಇನ್ನೊಂದು ಹಾಳೆ ಸೇರಿಸಿರುತ್ತಾರೆ. ಎರಡು ಹಾಳೆಗಳ ನಡುವೆ ಉಪ್ಪುನೀರು, ಕೆಸರು ಹೋಗಿ ಕೂತರೆ ಒಣಗುವುದೇ ಇಲ್ಲ. ಒಳಗೆ ಬೆಳೆದ ತುಕ್ಕು ಎರಡೂ ಹಾಳೆಗಳನ್ನು ಒತ್ತಿ ಒತ್ತಿ ದೂರ ಮಾಡುತ್ತದೆ. ಬಲ ಕೊಡಲಿಕ್ಕೆ ಹಾಕಿದ್ದೇ ನೀರು ಹಿಡಿಯುವ ಜಾಗ ಆಗುತ್ತದೆ, ಏನು ಮಾಡುವುದು?

ಕಾಕನ ಲೆಕ್ಕ ಹೀಗಿತ್ತು. ಒಂದು ತೊಲೆಯ ಒಂದು ಭಾಗ ಮಾತ್ರ ಹೋಗಿದ್ದರೆ ಅದನ್ನು ಕತ್ತರಿಸಿ ಹೊಸದು ಸೇರಿಸಬಹುದು. ಎರಡೂ ತೊಲೆ ಉದ್ದಕ್ಕೂ ಹೋಗಿದ್ದರೆ, ಅಥವಾ ಸ್ಟಿಯರಿಂಗ್ ಬಾಕ್ಸ್ ಕೂರುವ ಜಾಗಕ್ಕೆ ತುಕ್ಕು ಮುಟ್ಟಿದ್ದರೆ ಮನೆಯಂಗಳದ ಕೆಲಸ ಅಲ್ಲ ಅದು, ಗುಜರಿಯೇ ಸರಿ. ಇನ್ನೊಂದು ಸಂಗತಿ ಕಾನೂನಿನದು. ಚಾಸಿಸ್ ನಂಬರ್ ಕೊರೆದ ಭಾಗವನ್ನು ಗ್ರೈಂಡರ್‌ನಿಂದಾಗಲೀ ವೆಲ್ಡಿಂಗಿನಿಂದಾಗಲೀ ಮುಟ್ಟಲೇಬಾರದು. ನಮ್ಮದು ಅದರಿಂದ ದೂರ ಇತ್ತು. ಇಡೀ ಚಾಸಿಸನ್ನೇ ಬದಲಿಸುವವರು ಕೈ ಹಾಕುವ ಮೊದಲೇ ಆರ್‌ಟಿಒ ಕಚೇರಿಗೆ ಹೋಗಿ ಅನುಮತಿ ಕೇಳಬೇಕು.

ಬಾಡಿ ಇಳಿಸುವ ದಿನ ನೆರೆಕರೆಯ ಎಂಟು ಮಂದಿ ಬಂದರು. ಬ್ಯಾಟರಿ ಬಿಚ್ಚಿ, ಡೀಸೆಲ್ ಟ್ಯಾಂಕ್ ತೆಗೆದು ದೂರ ಇಟ್ಟೆವು. ವಯರ್‌ಗಳಿಗೆ ಟೇಪು ಸುತ್ತಿ ನಂಬರ್ ಬರೆದೆವು. ಬಿಚ್ಚದ ಬೋಲ್ಟುಗಳ ಜೊತೆ ಹಠ ಮಾಡದೆ ಕತ್ತರಿಸಿದೆವು. ಅಡಿಗೆ ಹೋಗುವಾಗ ಬರೀ ಜಾಕಿ ನಂಬಲಿಕ್ಕಿಲ್ಲ ಎಂಬುದು ಮನೆಯ ಮಕ್ಕಳಿಗೂ ಗೊತ್ತಾಗುವಷ್ಟು ಸಲ ಕಾಕ ಹೇಳಿದರು. ಮಳೆಗಾಲದ ಅಂಗಳ ಮೆತ್ತಗೆ ಬೇರೆ. ಕಬ್ಬಿಣದ ಸ್ಟ್ಯಾಂಡಿನ ಕೆಳಗೆ ದಪ್ಪದ ಹಲಗೆ ಹಾಕದಿದ್ದರೆ ಅದು ಕಣ್ಣೆದುರೇ ಹೂತು ಹೋಗುತ್ತದೆ.

ಕತ್ತರಿಸುವ ಮೊದಲು ಅಳತೆ. ಪಕ್ಕದ ಮನೆಯ ಮೇಸ್ತ್ರಿಯ ತೂಗುಗುಂಡು ತಂದು, ಚಾಸಿಸ್‌ನ ನಾಲ್ಕು ಕಡೆಯಿಂದ ಇಳಿಬಿಟ್ಟು, ಅದು ತೋರಿಸಿದ ಜಾಗಗಳಿಗೆ ನೆಲದ ಹಲಗೆಯ ಮೇಲೆ ಗುರುತು ಹಾಕಿದೆವು. ಎಡ ಮುಂದಿನಿಂದ ಬಲ ಹಿಂದಕ್ಕೆ ಒಂದು ಅಳತೆ, ಬಲ ಮುಂದಿನಿಂದ ಎಡ ಹಿಂದಕ್ಕೆ ಇನ್ನೊಂದು. ಎರಡೂ ಸಮ ಬಂದರೆ ಏಣಿ ಸೊಟ್ಟ ಆಗಿಲ್ಲ ಎಂದರ್ಥ. ನಮ್ಮದರಲ್ಲಿ ಐದು ಮಿ.ಮೀ.ಗಿಂತ ಕಡಿಮೆ ವ್ಯತ್ಯಾಸ. ಆ ಅಳತೆ ಹಾಗೇ ನಿಲ್ಲಲಿ ಎಂದು ಕತ್ತರಿಸುವ ಜಾಗದ ಎರಡು ಬದಿಗೂ ತಾತ್ಕಾಲಿಕ ಆಧಾರದ ಪಟ್ಟಿ ಹೊಡೆದು, ಆಮೇಲೆ ಗ್ರೈಂಡರ್ ಇಟ್ಟದ್ದು.

ಹೊಸ ಉಕ್ಕು ಹಳೆಯ ತೊಲೆಯಷ್ಟೇ ದಪ್ಪ ಇರಬೇಕು. ದಪ್ಪ ಜಾಸ್ತಿಯಾದರೆ ಒಳ್ಳೆಯದಲ್ಲವಾ ಎಂದು ಬಾಪ ಕೇಳಿದರು. ಅಲ್ಲ. ತೊಲೆ ಸ್ವಲ್ಪ ಸ್ವಲ್ಪ ಬಳುಕುತ್ತಾ ಭಾರ ಹೊರುವಂಥದ್ದು. ಒಂದು ಕಡೆ ಬಳುಕದ ಹಾಗೆ ಮಾಡಿದರೆ ಅದರ ಅಂಚಿನಲ್ಲಿ ಹೊಸ ಬಿರುಕು ಹುಟ್ಟುತ್ತದೆ. ಜೋಡಣೆಯ ಮೇಲೆ ಬಡಿಯುವ ಬಲಪಟ್ಟಿಯ ತುದಿಯನ್ನೂ ನೇರ ಕತ್ತರಿಸದೆ ಓರೆಯಾಗಿ, ಮೀನಿನ ಬಾಲದ ಕಡೆಗೆ ಮೈ ಸಣ್ಣಗಾದ ಹಾಗೆ ಕತ್ತರಿಸುವುದು ಅದಕ್ಕೇ. ವೆಲ್ಡಿಂಗಿನ ಗೆರೆ ತೊಲೆಗೆ ಅಡ್ಡ ನೇರ ಬಿದ್ದರೆ ಅದೇ ಗೆರೆಯಲ್ಲಿ ಕಡಿಯುತ್ತದೆ. ಇಂಥ ಪಟ್ಟಿಗೆ ಫಿಶ್ ಪ್ಲೇಟ್ ಎಂದೇ ಹೆಸರು. ಮೀನಿನ ಗಾಡಿಗೆ ಫಿಶ್ ಪ್ಲೇಟ್ ಎಂದು ಹುಡುಗರು ಒಂದು ವಾರ ನಗಾಡಿದರು.

ಜುಲೈ ಮಳೆಯಲ್ಲಿ ವೆಲ್ಡಿಂಗ್ ರಾಡು ಒಣಗಿಸಿಟ್ಟುಕೊಳ್ಳುವುದೇ ದೊಡ್ಡ ಕೆಲಸ. ಚಾಸಿಸ್‌ಗೆ ಕಾಕ ಬಳಸಿದ್ದು 7018 ರಾಡು. ಅದು ಗಾಳಿಯ ಪಸೆ ಕುಡಿದರೆ ಬೆಸುಗೆ ಮೇಲಿಂದ ಚಂದ ಕಂಡರೂ ಒಳಗೆ ಬಿರುಕು ಬಿಡಬಹುದು. ಕೆಟ್ಟ ಫ್ರಿಜ್ ಒಂದರೊಳಗೆ ಬಲ್ಬು ಉರಿಸಿಟ್ಟು, ಹೊಸ ಪ್ಯಾಕೆಟ್ ಒಡೆದು ರಾಡುಗಳನ್ನು ಅದರಲ್ಲಿ ಇಟ್ಟರು. ಮನೆಯಲ್ಲಿ ಕೆಲಸ ಗೊತ್ತಿದ್ದ ವೆಲ್ಡರ್ ಇದ್ದುದರಿಂದ ನಾವು ಇದಕ್ಕೆ ಇಳಿದೆವು. ಗೇಟು, ಕಿಟಕಿಯ ಸರಳು ಬೆಸೆದು ಅಭ್ಯಾಸ ಇರುವವರು ಚಾಸಿಸ್‌ಗೆ ಕೈ ಹಾಕುವುದು ಬೇಡ. ಬಿಚ್ಚುವುದು, ಉಜ್ಜುವುದು, ಜೋಡಿಸುವುದನ್ನು ಮನೆಯವರೇ ಮಾಡಿ, ಬೆಸುಗೆಗೆ ಮಾತ್ರ ತಿಳಿದವರನ್ನು ಕರೆಸಿದರೂ ಖರ್ಚು ಎಷ್ಟೋ ಉಳಿಯುತ್ತದೆ.

ಆ ಎರಡು ಪ್ಲೇಟು

ತುಕ್ಕಿನ ಕಥೆ ಎಲ್ಲರಿಗೂ ಅರ್ಥ ಆಯಿತು. ಜಗಳ ಹುಟ್ಟಿದ್ದು ಪ್ಲೇಟಿನ ವಿಷಯಕ್ಕೆ. ಬಿಚ್ಚಿದಾಗ ಹಿಂದಿನ ಪ್ಲೇಟುಗಳಲ್ಲಿ ಎರಡೂ ಬದಿಗೆ ಕಂಪೆನಿಯ ಲೆಕ್ಕಕ್ಕಿಂತ ಒಂದೊಂದು ಹೆಚ್ಚು ಸಿಕ್ಕಿತು. ಮೊದಲಿನ ಮಾಲಕರು ಹಾಕಿಸಿದ್ದು. ನಮ್ಮ ಕಡೆ ಇದು ಹೊಸತಲ್ಲ; ಮೀನು, ಜಲ್ಲಿ, ಕೆಂಪುಕಲ್ಲು, ಗುಜರಿ ಯಾವುದನ್ನೇ ಹೇರಲಿ, ಗಾಡಿ ತೆಗೆದ ವಾರದಲ್ಲೇ “ಒಂದು ಪ್ಲೇಟು ಸೇರಿಸಿ” ಎನ್ನುವುದು ವಾಡಿಕೆ. ಗಾಡಿ ಹಿಂದೆ ಕೂರುವುದಿಲ್ಲ, ಎಷ್ಟು ಹೇರಿದರೂ ನೆಟ್ಟಗೆ ನಿಲ್ಲುತ್ತದೆ. ಅದೇ ಅಪಾಯ. ಪ್ಲೇಟು ಸೇರಿತೆಂದು ಬ್ರೇಕ್ ದೊಡ್ಡದಾಗುವುದಿಲ್ಲ, ಆಕ್ಸಲ್ ದಪ್ಪ ಆಗುವುದಿಲ್ಲ, ತೊಲೆಯೂ ಮೊದಲಿನದ್ದೇ. ಬಳುಕಿ ಕಳೆಯಬೇಕಿದ್ದ ಏಟು ಪ್ರತಿ ಗುಂಡಿಯಲ್ಲೂ ನೇರ ಹ್ಯಾಂಗರ್‌ಗೆ, ಅಲ್ಲಿಂದ ತೊಲೆಗೆ ಹೋಗುತ್ತದೆ. ನಮ್ಮ ಎಡ ತೊಲೆ ಹಾಳಾದ ಜಾಗ ಹ್ಯಾಂಗರಿನ ಬುಡವೇ ಎಂಬುದನ್ನು ಗಮನಿಸಿ. ಉಪ್ಪು ತಿಂದಿತು, ಏಟು ಮುರಿಯಿತು.

“ಹೆಚ್ಚಿನ ಪ್ಲೇಟು ತೆಗೆದರೆ ಟ್ರಿಪ್ಪಿಗೆ ಹತ್ತು ಬಾಕ್ಸ್ ಕಡಿಮೆ ಆಗ್ತದೆ, ಬಾಡಿಗೆ ಯಾರು ಕೊಡ್ತಾರೆ?” ಎಂದು ಬಾಪ. ಆ ಮಾತಿನಲ್ಲಿ ನ್ಯಾಯ ಇಲ್ಲವೆಂದಲ್ಲ. ಹತ್ತು ಬಾಕ್ಸ್ ಎಂದರೆ ಮನೆಯ ಒಂದು ದಿನದ ಸಾಮಾನು. ಆದರೆ 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 194ರಲ್ಲಿ ಮಿತಿ ಮೀರಿದ ಭಾರಕ್ಕೆ 20,000 ರೂ. ದಂಡ, ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ 2,000 ರೂ. ದಂಡದ ಲೆಕ್ಕಕ್ಕೂ ಬಾಪ ಅಲುಗಾಡಲಿಲ್ಲ. ಗ್ರೈಂಡರಿನಲ್ಲಿ ಕತ್ತರಿಸಿ ತೆಗೆದ ಹಳೆಯ ತುಂಡನ್ನು ಕಾಕ ಅವರ ಕೈಗೆ ಕೊಟ್ಟರು. ಬಿರುಕು ತೊಲೆಯ ಅರ್ಧಕ್ಕೂ ಹೆಚ್ಚು ದಾಟಿತ್ತು. ಬಾಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಜಗಲಿಯಲ್ಲಿಟ್ಟು, ಅಸರ್ ನಮಾಝಿಗೆ ಹೋದರು. ಮತ್ತೆ ಆ ಮಾತು ಎತ್ತಲಿಲ್ಲ. ತೆಗೆದ ಎರಡು ಪ್ಲೇಟು ಆಚಾರಿಯ ಕುಲುಮೆಗೆ ಹೋಗಿ ಮೀನು ಕೊಯ್ಯುವ ಕತ್ತಿಗಳಾಗಿ ವಾಪಸು ಬಂದವು. ಪ್ಲೇಟಿನ ಉಕ್ಕು ಕತ್ತಿಗೆ ಬಹಳ ಒಳ್ಳೆಯದು.

ಉಳಿದ ಪ್ಲೇಟುಗಳನ್ನು ಬಿಡಿಸಿ, ಉಜ್ಜಿ, ಬಿರುಕು ನೋಡಿ, ಹೊಸ ಸೆಂಟರ್ ಬೋಲ್ಟ್ ಹಾಕಿ ಕಟ್ಟಿದೆವು. ಕಮಾನು ಇಳಿದ ಪ್ಲೇಟನ್ನು ಬೆಂಕಿಗೆ ಹಾಕಿ ಬಡಿದು ಏರಿಸುವವರಿದ್ದಾರೆ. ಅದರ ಹದ ಅಲ್ಲಿಗೇ ಹೋಗುತ್ತದೆ, ಕೆಲವೇ ತಿಂಗಳಲ್ಲಿ ಮತ್ತೆ ಕೂರುತ್ತದೆ. ಯು-ಬೋಲ್ಟ್ ಒಮ್ಮೆ ಬಿಚ್ಚಿದರೆ ಹೊಸದೇ ಆಗಬೇಕು. ಬುಷ್‌ಗಳು ರಬ್ಬರಿನವು, ಅವುಗಳ ಬೋಲ್ಟನ್ನು ಗಾಡಿ ಎತ್ತರದಲ್ಲಿ ತೂಗುತ್ತಿರುವಾಗಲೇ ಪೂರ್ತಿ ಬಿಗಿದರೆ, ಚಕ್ರ ನೆಲಕ್ಕಿಳಿದ ಕೂಡಲೇ ರಬ್ಬರ್ ತಿರುಚಿಕೊಂಡು ಹರಿಯುತ್ತದೆ. ಕೈಯಳತೆಗೆ ಬಿಗಿದು, ಗಾಡಿಯನ್ನು ಚಕ್ರದ ಮೇಲೆ ನಿಲ್ಲಿಸಿ, ಆಮೇಲೆ ಪೂರ್ತಿ ಬಿಗಿಯಬೇಕು. ಶಾಕ್ ಅಬ್ಸಾರ್ಬರ್ ಹೊಸದು ಹಾಕಿದರೆ ಭಾರ ಹೊರುತ್ತದೆ ಎಂದು ನಂಬಿದವರೂ ಇದ್ದಾರೆ. ಭಾರ ಹೊರುವುದು ಪ್ಲೇಟು. ಗುಂಡಿ ದಾಟಿದ ಮೇಲೆ ಗಾಡಿ ತೊಟ್ಟಿಲಿನಂತೆ ಕುಣಿಯದ ಹಾಗೆ ಹಿಡಿಯುವುದಷ್ಟೇ ಶಾಕ್‌ನ ಕೆಲಸ.

ಪೈಂಟಿಗೆ ಮಳೆ ಬಿಟ್ಟ ಮೂರು ದಿನ ಸಿಕ್ಕಿತು. ತುಕ್ಕು ಪೂರ್ತಿ ಉಜ್ಜಿ ರೆಡ್ ಆಕ್ಸೈಡ್, ಮೇಲೆ ಎರಡು ಕೋಟು ಕಪ್ಪು. ತೊಲೆಯ ನೀರು ಇಳಿಯುವ ತೂತುಗಳನ್ನು ತಂತಿ ಹಾಕಿ ಬಿಡಿಸಿದೆವು. ಹಳೆಯ ಎಂಜಿನ್ ಆಯಿಲ್ ಬಳಿಯುವ ಅಭ್ಯಾಸ ಕೆಲವರಿಗುಂಟು. ಅದು ಬುಷ್‌ನ ರಬ್ಬರನ್ನು ಮೆತ್ತಗೆ ಮಾಡುತ್ತದೆ, ಅಂಗಳದ ನೀರಿನ ಜೊತೆ ಬಾವಿಗೂ ಇಳಿಯುತ್ತದೆ. ಬೇಡ ಮಾರಾಯ್ರೆ.

ಎಂಟು ವರ್ಷ ದಾಟಿದ ಸರಕಿನ ಗಾಡಿಗೆ ಪ್ರತಿ ವರ್ಷ ಎಫ್.ಸಿ. ಆಗಬೇಕು. ನಮ್ಮದು ಆಗಸ್ಟ್ ಮೊದಲ ವಾರದಲ್ಲಿ ಆಯಿತು. ಮೊದಲ ಟ್ರಿಪ್ಪಿಗೆ ಹುಡುಗನ ಜೊತೆ ಕಾಕನೂ ಹೋದರು; ಹಾಸನದಲ್ಲಿ ಮೀನು ಇಳಿಸಿ, ಗಾಡಿಯ ಅಡಿಗೆ ಹೋಗಿ, ಯು-ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿದು ಬಂದರು. ಹೊಸ ಯು-ಬೋಲ್ಟ್ ಮೊದಲ ಓಟದಲ್ಲಿ ಸ್ವಲ್ಪ ಸಡಿಲ ಆಗಿಯೇ ಆಗುತ್ತದೆ, ಹಾಗಾಗಿ ಇದನ್ನು ಯಾರೂ ಮರೆಯಬಾರದು. ಈಗ ಪ್ರತಿ ಟ್ರಿಪ್ ಮುಗಿದ ಮೇಲೆ ಗಾಡಿಯ ಅಡಿಗೆ ಪೈಪ್ ಹಿಡಿದು ಸಿಹಿನೀರಿನಲ್ಲಿ ತೊಳೆಯುತ್ತೇವೆ. ಹತ್ತು ನಿಮಿಷದ ಕೆಲಸ. ಬಾಕ್ಸ್‌ಗಳ ಲೆಕ್ಕ ಬಾಪನೇ ನೋಡುತ್ತಾರೆ, ಮಿತಿ ಮುಟ್ಟಿದ ಕೂಡಲೇ ಬಾಗಿಲು ಹಾಕಿಸುತ್ತಾರೆ.