ಕ್ಲೌಡ್ ಸರ್ಟಿಫಿಕೇಟ್ ಇದ್ದರೆ ಡೆವ್‌ಆಪ್ಸ್ ಕೆಲಸ ಸಿಕ್ಕಂತೆಯೇ?

2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರು ಕೈಕೊಟ್ಟಿದ್ದ ಡೇಟಾಬೇಸನ್ನು ಸರಿಪಡಿಸಲು ಕೂತಿದ್ದರು. ಎರಡನೇ ಸರ್ವರ್‌ನಲ್ಲಿ ಅಳಿಸಬೇಕಿದ್ದ ಡೈರೆಕ್ಟರಿಯನ್ನು ಅವರು ಅಳಿಸಿದ್ದು ಮುಖ್ಯ ಸರ್ವರ್‌ನಲ್ಲಿ. ತಪ್ಪು ಹೊಳೆದು ಕಮಾಂಡ್ ನಿಲ್ಲಿಸುವಷ್ಟರಲ್ಲಿ, ಸುಮಾರು 300 ಜಿಬಿ ಡೇಟಾದಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ ಇದೆಯಲ್ಲ ಎಂದು ಹುಡುಕಿದರೆ ಅದೂ ಇಲ್ಲ. ದಿನವೂ ಆಗಬೇಕಿದ್ದ ಬ್ಯಾಕಪ್, ಸಾಫ್ಟ್‌ವೇರ್ ಆವೃತ್ತಿ ಹೊಂದದ ಕಾರಣ ಕೆಟ್ಟು ನಿಂತಿತ್ತು. ಕೆಟ್ಟಿದೆ ಎಂದು ತಿಳಿಸಬೇಕಿದ್ದ ಇಮೇಲ್‌ಗಳೂ ತಿರಸ್ಕೃತವಾಗಿ ಯಾರ ಕೈಗೂ ಸೇರಿರಲಿಲ್ಲ. ಕೊನೆಗೆ ಕಾಪಾಡಿದ್ದು, ಬೇರೇನೋ ಕೆಲಸಕ್ಕೆಂದು ಆರು ಗಂಟೆ ಮುಂಚೆ ತೆಗೆದಿಟ್ಟಿದ್ದ ಒಂದು ಸ್ನ್ಯಾಪ್‌ಶಾಟ್. ಕಂಪನಿ ಇದನ್ನೆಲ್ಲ ಮುಚ್ಚಿಡಲಿಲ್ಲ. ದುರಸ್ತಿಯನ್ನು ಯೂಟ್ಯೂಬ್‌ನಲ್ಲಿ ನೇರಪ್ರಸಾರ ಮಾಡಿತು, ಏನೇನಾಯಿತು ಎಂಬುದನ್ನು ವಿವರವಾಗಿ ಬರೆದು ಪ್ರಕಟಿಸಿತು.

ಬ್ಯಾಕಪ್ ತೆಗೆಯುವುದು ಹೇಗೆ ಎಂಬ ಪ್ರಶ್ನೆಗೆ ಕ್ಲೌಡ್ ಪರೀಕ್ಷೆ ಬರೆಯುವ ಯಾರು ಬೇಕಾದರೂ ಸರಿ ಉತ್ತರಕ್ಕೆ ಗುರುತು ಹಾಕುತ್ತಾರೆ. ತೆಗೆದ ಬ್ಯಾಕಪ್‌ನಿಂದ ಡೇಟಾ ವಾಪಸ್ ಬರುತ್ತದೆಯೇ ಎಂದು ಆಗಾಗ ಪರೀಕ್ಷಿಸಿ ನೋಡುವ ಚಾಳಿ ಮಾತ್ರ ಯಾವ ಪ್ರಶ್ನೆಪತ್ರಿಕೆಯಿಂದಲೂ ಬರುವುದಿಲ್ಲ. ಡೆವ್‌ಆಪ್ಸ್ ಎಂಬ ಉದ್ಯೋಗದ ಬಹುಪಾಲು ಇಂಥ ಚಾಳಿಗಳಲ್ಲೇ ಇದೆ. ಕೋಡ್ ಬರೆಯುವವರು ಒಂದು ಕಡೆ, ಸರ್ವರ್ ಕಾಯುವವರು ಇನ್ನೊಂದು ಕಡೆ ಎಂಬ ಜಗಳ ಬಿಡಿಸಲು ಪ್ಯಾಟ್ರಿಕ್ ಡಿಬೋಯಿ ಎಂಬವರು 2009ರಲ್ಲಿ ಬೆಲ್ಜಿಯಂನ ಗೆಂಟ್‌ನಲ್ಲಿ ಕರೆದ ‘ಡೆವ್‌ಆಪ್ಸ್‌ಡೇಸ್’ ಸಭೆಯಿಂದ ಈ ಹೆಸರು ಹರಡಿತು. ಆಗ ಅದೊಂದು ಕೆಲಸ ಮಾಡುವ ರೀತಿಯಾಗಿತ್ತು. ಈಗ ಹುದ್ದೆಯ ಹೆಸರಾಗಿದೆ, ಬೆಂಗಳೂರಿನ ಬಿಟಿಎಂ ಲೇಔಟ್, ಮಾರತ್‌ಹಳ್ಳಿ, ಹೈದರಾಬಾದಿನ ಅಮೀರ್‌ಪೇಟೆಗಳ ಗೋಡೆಗಳ ಮೇಲೆ ಕೋರ್ಸ್‌ನ ಹೆಸರೂ ಆಗಿದೆ.

ಊರಿನಿಂದ ಬಂದು ಪಿಜಿಯಲ್ಲಿ ಉಳಿದು ಕೋರ್ಸ್ ಮಾಡುವ ಹುಡುಗ ಹುಡುಗಿಯರು ಕೇಳುವ ಪ್ರಶ್ನೆ ಒಂದೇ: ಸರ್ಟಿಫಿಕೇಟ್ ಮಾಡಿದರೆ ಕೆಲಸ ಸಿಗುತ್ತದಾ? ಕೇಳುವುದರಲ್ಲಿ ತಪ್ಪಿಲ್ಲ, ದುಡ್ಡಿನ ಮಾತಿದು. ಅಮೆಜಾನ್‌ನ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್ ಪರೀಕ್ಷೆಯ ಶುಲ್ಕ 150 ಡಾಲರ್, ತೆರಿಗೆ ಸೇರಿದರೆ ಹದಿನೈದು ಸಾವಿರ ರೂಪಾಯಿಯ ಆಸುಪಾಸು. ಡೆವ್‌ಆಪ್ಸ್ ಪ್ರೊಫೆಷನಲ್‌ಗೆ ಅದರ ಎರಡರಷ್ಟು.

ನನ್ನ ಉತ್ತರ ಇಷ್ಟು: ರೆಸ್ಯೂಮೆ ಓದುವ ಟೇಬಲ್‌ವರೆಗೆ ಸರ್ಟಿಫಿಕೇಟ್ ಕರೆದೊಯ್ಯುತ್ತದೆ, ಇಂಟರ್‌ವ್ಯೂ ಕೋಣೆಯೊಳಗೆ ಅದು ಜೊತೆಗೆ ಬರುವುದಿಲ್ಲ.

ಟೇಬಲ್‌ವರೆಗಿನ ದಾರಿಯನ್ನು ಹಗುರವಾಗಿ ಕಾಣಬೇಕಿಲ್ಲ. ಕ್ಯಾಂಪಸ್ ಆಯ್ಕೆಗೆ ಕಂಪನಿಗಳೇ ಬಾರದ ಕಾಲೇಜಿನಲ್ಲಿ ಓದಿದವರಿಗೆ, ಐದಾರು ವರ್ಷ ಸಪೋರ್ಟ್ ವಿಭಾಗದಲ್ಲಿ ಟಿಕೆಟ್ ಮುಚ್ಚುತ್ತಾ ಕೂತವರಿಗೆ ಆ ದಾರಿಯೇ ಕಷ್ಟದ್ದು. ಎಚ್‌ಆರ್ ವಿಭಾಗ ಸಾವಿರ ಅರ್ಜಿಗಳನ್ನು ಸೋಸುವಾಗ ಹೆಸರಿನ ಕೆಳಗಿನ ಆ ಒಂದು ಸಾಲು ಕಣ್ಣಿಗೆ ಬೀಳುತ್ತದೆ. ಇನ್ನೊಂದು ಕಾರಣ ಅಷ್ಟಾಗಿ ಯಾರೂ ಹೇಳದ್ದು. ಅಮೆಜಾನ್, ಮೈಕ್ರೋಸಾಫ್ಟ್‌ನಂಥವು ತಮ್ಮ ಪಾಲುದಾರ ಕಂಪನಿಗಳಿಗೆ ದರ್ಜೆ ಕೊಡುವಾಗ, ಅಲ್ಲಿ ಸರ್ಟಿಫಿಕೇಟ್ ಪಡೆದ ಉದ್ಯೋಗಿಗಳು ಎಷ್ಟಿದ್ದಾರೆ ಎಂದು ಎಣಿಸುತ್ತವೆ. ಹಾಗಾಗಿ ಐಟಿ ಸೇವಾ ಕಂಪನಿಗೆ ನಿಮ್ಮ ಸರ್ಟಿಫಿಕೇಟ್ ವ್ಯಾಪಾರಕ್ಕೆ ಬೇಕು. ಅಲ್ಲಿ ಈಗಾಗಲೇ ಕೆಲಸದಲ್ಲಿದ್ದರೆ ಶುಲ್ಕವನ್ನು ಕಂಪನಿಯಿಂದಲೇ ಕೇಳಿ ಪಡೆಯಿರಿ, ಸಂಕೋಚ ಬೇಡ. ಅದೇ ಒಂದು ಪ್ರಾಡಕ್ಟ್ ಕಂಪನಿಗೆ ಹೋದರೆ ಆ ಸಾಲಿನ ಮೇಲೆ ಕಣ್ಣು ಹಾಯಿಸಿ ಮುಂದಕ್ಕೆ ಹೋಗುತ್ತಾರೆ.

ಕೋಣೆಯೊಳಗೆ ಕೇಳುವುದೇ ಬೇರೆ. ‘ಡಿಸ್ಕ್‌ನಲ್ಲಿ ಜಾಗವಿಲ್ಲ ಎಂದು ಅಪ್ಲಿಕೇಶನ್ ಕೂಗುತ್ತಿದೆ, ನೋಡಿದರೆ ಅರ್ಧ ಡಿಸ್ಕ್ ಖಾಲಿ ಇದೆ. ಏನಾಗಿರಬಹುದು?’ ಲಕ್ಷಾಂತರ ಸಣ್ಣ ಫೈಲ್‌ಗಳು ಸೇರಿ, ಫೈಲಿಗೊಂದರಂತೆ ಬೇಕಾಗುವ ಐನೋಡ್‌ಗಳು ಮುಗಿದಿರಬಹುದು ಎಂಬುದು ಒಂದು ಸಾಧ್ಯತೆ. ಲಿನಕ್ಸ್ ಸರ್ವರ್ ಜೊತೆ ಒಂದಷ್ಟು ಕಾಲ ಹೆಣಗಿದವರಿಗೆ ಇದು ಥಟ್ಟನೆ ಹೊಳೆಯುತ್ತದೆ. ‘ನಿನ್ನೆ ತನಕ ಓಡುತ್ತಿದ್ದ ಪೈಪ್‌ಲೈನ್ ಇವತ್ತು ನಿಂತಿದೆ, ಕೋಡ್ ಯಾರೂ ಮುಟ್ಟಿಲ್ಲ. ಮೊದಲು ಎಲ್ಲಿ ನೋಡುತ್ತೀರಿ?’ ಇಲ್ಲಿ ನಾಲ್ಕು ಆಯ್ಕೆ ಕೊಡುವವರಿಲ್ಲ. ಲಿನಕ್ಸ್, ನೆಟ್‌ವರ್ಕ್, ಗಿಟ್, ಒಂದು ಸ್ಕ್ರಿಪ್ಟಿಂಗ್ ಭಾಷೆ, ಈ ಹಳೆಯ ಪಾಠಗಳನ್ನು ಹಾರಿಸಿ ನೇರ ಕ್ಲೌಡ್‌ಗೆ ಹಾರಿದವರು ಸಿಕ್ಕಿಬೀಳುವುದು ಇಲ್ಲೇ.

ಎಲ್ಲ ಪರೀಕ್ಷೆಗಳೂ ಒಂದೇ ಜಾತಿಯವಲ್ಲ ಎಂಬುದನ್ನೂ ಹೇಳಬೇಕು. ಅಮೆಜಾನ್ ಅಸೋಸಿಯೇಟ್‌ನಲ್ಲಿ 130 ನಿಮಿಷಕ್ಕೆ 65 ಪ್ರಶ್ನೆ, ಎಲ್ಲವೂ ಆಯ್ಕೆ ಮಾದರಿಯವು. 2017ರಲ್ಲಿ ಶುರುವಾದ ಸಿಕೆಎ, ಅಂದರೆ ಹಲವು ಸರ್ವರ್‌ಗಳ ಮೇಲೆ ಅಪ್ಲಿಕೇಶನ್‌ಗಳನ್ನು ನಡೆಸುವ ತಂತ್ರಾಂಶವಾದ ಕುಬರ್ನೆಟಿಸ್‌ನ ಅಡ್ಮಿನಿಸ್ಟ್ರೇಟರ್ ಪರೀಕ್ಷೆಯಲ್ಲಿ ಆಯ್ಕೆಗಳೇ ಇಲ್ಲ. ಎರಡು ಗಂಟೆ ಟರ್ಮಿನಲ್ ಎದುರು ಕೂತು, ನಿಜವಾದ ಕ್ಲಸ್ಟರ್‌ಗಳಲ್ಲಿ ಕೊಟ್ಟ ಕೆಲಸ ಮಾಡಿ ತೋರಿಸಬೇಕು. ಕುಬರ್ನೆಟಿಸ್‌ನ ಅಧಿಕೃತ ಕೈಪಿಡಿ ತೆರೆದು ನೋಡಲು ಅನುಮತಿ ಇದೆ, ಆಫೀಸಿನಲ್ಲಿ ನಾವು ಮಾಡುವುದೂ ಅದನ್ನೇ. 30% ಅಂಕ ಕೆಟ್ಟದ್ದನ್ನು ಪತ್ತೆಹಚ್ಚಿ ಸರಿಮಾಡುವುದಕ್ಕೇ ಮೀಸಲು. ನನ್ನನ್ನು ಕೇಳಿದರೆ ಈ ಮಾದರಿಯ ಒಂದು ಪರೀಕ್ಷೆ, ಆಯ್ಕೆ ಮಾದರಿಯ ಮೂರಕ್ಕೆ ಸಮ. ಶುಲ್ಕ ದುಬಾರಿ, ಆದರೆ ಒಮ್ಮೆ ಅನುತ್ತೀರ್ಣರಾದರೆ ಇನ್ನೊಂದು ಅವಕಾಶ ಅದರಲ್ಲೇ ಸೇರಿದೆ. ವರ್ಷದಲ್ಲಿ ಕೆಲವು ಸಲ ದೊಡ್ಡ ರಿಯಾಯಿತಿಯೂ ಬರುತ್ತದೆ, ಕಾದು ಕೊಳ್ಳಬಹುದು.

ಕುಬರ್ನೆಟಿಸ್ ಲೋಕದಲ್ಲಿ ಎಲ್ಲರಿಗೂ ಗೊತ್ತಿರುವ ಕೆಲ್ಸಿ ಹೈಟವರ್ ಕಾಲೇಜು ಪದವಿ ಪಡೆದವರಲ್ಲ. ಪುಸ್ತಕ ಕೊಂಡು ಓದಿ, ಕಂಪ್ಯೂಟರ್ ದುರಸ್ತಿಯ ‘ಎ ಪ್ಲಸ್’ ಸರ್ಟಿಫಿಕೇಟ್ ಪಡೆದು ತಂತ್ರಜ್ಞನ ಕೆಲಸಕ್ಕೆ ಸೇರಿದವರು. ಗೂಗಲ್‌ನಲ್ಲಿ ಡಿಸ್ಟಿಂಗ್ವಿಶ್ಡ್ ಎಂಜಿನಿಯರ್ ಆಗಿ 2023ರಲ್ಲಿ ನಿವೃತ್ತರಾದರು. ಅವರು ಸಿದ್ಧಪಡಿಸಿದ ಉಚಿತ ಪಾಠ ‘ಕುಬರ್ನೆಟಿಸ್ ದ ಹಾರ್ಡ್ ವೇ’ಯಲ್ಲಿ ಸ್ವಯಂಚಾಲಿತ ಸ್ಕ್ರಿಪ್ಟ್‌ಗಳಿಲ್ಲ, ಒಂದೊಂದು ಭಾಗವನ್ನೂ ಕೈಯಾರೆ ಜೋಡಿಸಬೇಕು. ಆ ಸರ್ಟಿಫಿಕೇಟ್ ಇಲ್ಲದಿದ್ದರೆ ಅವರಿಗೆ ಮೊದಲ ಕೆಲಸ ಸಿಗುವುದು ಕಷ್ಟವಿತ್ತೇನೋ. ಜನ ಅವರನ್ನು ನೆನೆಯುವುದು ಮಾತ್ರ ಈ ಪಾಠಕ್ಕಾಗಿ.

ಡಂಪ್ಸ್ ಎಂಬ ರೋಗದ ಬಗ್ಗೆ ಎರಡು ಮಾತು. ಕದ್ದ ಪ್ರಶ್ನೆಗಳ ಪಿಡಿಎಫ್ ಬಾಯಿಪಾಠ ಮಾಡಿ ಪಾಸಾಗುವವರಿದ್ದಾರೆ. ಗೈಡ್ ಉರು ಹೊಡೆದು ಎಸ್‌ಎಸ್‌ಎಲ್‌ಸಿ ದಾಟಿದಷ್ಟೇ ಸಲೀಸು. ಸಿಕ್ಕಿಬಿದ್ದರೆ ಸರ್ಟಿಫಿಕೇಟ್ ರದ್ದಾಗುತ್ತದೆ. ಸಿಕ್ಕಿಬೀಳದಿದ್ದರೂ ಇಂಟರ್‌ವ್ಯೂ ಮಾಡುವವರಿಗೆ ಹತ್ತೇ ನಿಮಿಷದಲ್ಲಿ ಗೊತ್ತಾಗುತ್ತದೆ. ಇಂಥವರ ದೆಸೆಯಿಂದ ಕಷ್ಟಪಟ್ಟು ಓದಿದವರ ಸರ್ಟಿಫಿಕೇಟನ್ನೂ ಅನುಮಾನದಿಂದ ನೋಡುವಂತಾಗಿದೆ.

ಪರೀಕ್ಷೆಗೆ ಕೂರುವವರು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಇಂಗ್ಲಿಷ್ ಮಾತೃಭಾಷೆಯಲ್ಲದವರಿಗೆ ಅಮೆಜಾನ್ ಪರೀಕ್ಷೆಯಲ್ಲಿ 30 ನಿಮಿಷ ಹೆಚ್ಚುವರಿ ಸಮಯ ಸಿಗುತ್ತದೆ, ಆದರೆ ಪರೀಕ್ಷೆ ಬುಕ್ ಮಾಡುವ ಮುಂಚೆಯೇ ಕೇಳಿಕೊಂಡಿರಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇದನ್ನು ಬಿಡಬಾರದು. ಅಮೆಜಾನ್‌ನ ಒಂದು ಪರೀಕ್ಷೆ ಪಾಸಾದರೆ ಮುಂದಿನದಕ್ಕೆ ಅರ್ಧ ಶುಲ್ಕ. ಈ ಸರ್ಟಿಫಿಕೇಟ್‌ಗಳು ಶಾಶ್ವತವಲ್ಲ: ಅಮೆಜಾನ್‌ನದು ಮೂರು ವರ್ಷ, ಸಿಕೆಎ ಎರಡು ವರ್ಷ; ಮೈಕ್ರೋಸಾಫ್ಟ್‌ನ ಅಜೂರ್ ಅಡ್ಮಿನಿಸ್ಟ್ರೇಟರ್‌ನಂಥವಕ್ಕೆ ಒಂದೇ ವರ್ಷ, ನವೀಕರಣ ಉಚಿತ. ಅಭ್ಯಾಸಕ್ಕೆಂದು ಕ್ಲೌಡ್ ಖಾತೆ ತೆರೆದರೆ ಮೊದಲ ದಿನವೇ ಬಿಲ್ ಎಚ್ಚರಿಕೆ ಹಾಕಿಕೊಳ್ಳಿ. ನ್ಯಾಟ್ ಗೇಟ್‌ವೇಯಂಥದ್ದನ್ನು ಮರೆತು ಬಿಟ್ಟರೆ, ಬಳಸದಿದ್ದರೂ ಗಂಟೆಗಿಷ್ಟೆಂದು ಮೀಟರ್ ಓಡುತ್ತಲೇ ಇರುತ್ತದೆ.

ಐದಾರು ಬ್ಯಾಡ್ಜ್ ಕೂಡಿಹಾಕಿ ಲಿಂಕ್ಡ್‌ಇನ್‌ನಲ್ಲಿ ಸಾಲಾಗಿ ತೂಗುಹಾಕುವ ಅಗತ್ಯವಿಲ್ಲ. ಒಂದು ಅಸೋಸಿಯೇಟ್ ಮಾಡಿ, ಕೈಯಲ್ಲಿ ದುಡ್ಡಿದ್ದರೆ ಸಿಕೆಎ ಮಾಡಿ. ಉಳಿದ ಸಮಯದಲ್ಲಿ ಒಂದು ಸಣ್ಣ ವೆಬ್‌ಸೈಟನ್ನು ನಿಜವಾದ ಸರ್ವರ್ ಮೇಲೆ ಆರು ತಿಂಗಳು ಓಡಿಸಿ. ಅದರ ಡೇಟಾಬೇಸನ್ನು ಬೇಕೆಂದೇ ಅಳಿಸಿ, ಬ್ಯಾಕಪ್‌ನಿಂದ ವಾಪಸ್ ತನ್ನಿ. ಏನು ಕೆಟ್ಟಿತು, ಹೇಗೆ ಸರಿಮಾಡಿದಿರಿ ಎಂದು ಒಂದು ಪುಟ ಬರೆದಿಟ್ಟುಕೊಳ್ಳಿ. ಇಂಟರ್‌ವ್ಯೂಗೆ ಹೋಗುವಾಗ ಸರ್ಟಿಫಿಕೇಟಿನ ಜೊತೆ ಆ ಪುಟವೂ ಇರಲಿ.