ನಾಟಕಗೃಹದ ಕೊಲೆಯೂ ಪೆಟ್ಟಿಗೆಯ ತಳದ ರಹಸ್ಯವೂ

ರಂಗದ ಮೇಲೆ ನಡೆಯುವ ಕೊಲೆಯನ್ನು ಕಂಡು ನಾವು ಕಣ್ಣೀರಿಡುವುದುಂಟು. ಪರದೆ ಬಿದ್ದೊಡನೆ ಸತ್ತ ಪಾತ್ರಧಾರಿಯು ಎದ್ದು ಬಣ್ಣ ಒರೆಸಿಕೊಳ್ಳುತ್ತಾನೆ. ಆದರೆ 1909ರ ಡಿಸೆಂಬರ್ 21ರ ರಾತ್ರಿ ನಾಸಿಕದ ವಿಜಯಾನಂದ ನಾಟಕಗೃಹದಲ್ಲಿ ಗುಂಡು ತಗುಲಿ ಬಿದ್ದವನು ಮತ್ತೆ ಏಳಲಿಲ್ಲ. ಆತನು ನಟನಲ್ಲ, ಜಿಲ್ಲೆಯ ಕಲೆಕ್ಟರನಾದ ಜಾಕ್ಸನ್ ಸಾಹೇಬ.

ಅಂದಿನ ಆಟ ದೇವಲರ ‘ಶಾರದಾ’. ಆಡಲು ಬಂದಿದ್ದುದು ಕಿರ್ಲೋಸ್ಕರ ನಾಟಕ ಮಂಡಳಿ. ಅದನ್ನು ಕಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರೆಂಬುದನ್ನು ಕನ್ನಡಿಗರು ಮರೆಯಲಾಗದು. ಸಂಸ್ಕೃತ ಬಲ್ಲವನೂ ನಾಟಕಪ್ರಿಯನೂ ಆಗಿದ್ದ ಜಾಕ್ಸನ್ನನಿಗೆ ಮುಂಬಯಿಗೆ ವರ್ಗವಾಗಿದ್ದಿತು. ಈ ಆಟವು ಆತನ ಬೀಳ್ಕೊಡುಗೆಗಾಗಿ ಏರ್ಪಟ್ಟಿತ್ತು. ಬಾಬಾರಾವ್ ಸಾವರಕರರನ್ನು ವಿಚಾರಣೆಗೆ ಒಪ್ಪಿಸಿದವನೂ ಈತನೇ. ಅವರಿಗೆ ಅದೇ ವರ್ಷ ಆಜನ್ಮ ಕರಿನೀರಿನ ಶಿಕ್ಷೆಯಾಗಿ, ಕ್ರಾಂತಿಕಾರಿ ತರುಣರ ಎದೆಯಲ್ಲಿ ಕಿಚ್ಚು ಹೊತ್ತಿದ್ದಿತು.

ಕೊಂದವನಾರೆಂಬುದು ರಹಸ್ಯವಾಗಲಿಲ್ಲ. ಔರಂಗಾಬಾದಿನಲ್ಲಿ ಓದುತ್ತಿದ್ದ, ಇನ್ನೂ ಇಪ್ಪತ್ತು ದಾಟದ ಅನಂತ ಕಾನ್ಹೇರೆ ಅಲ್ಲಿಯೇ ಸೆರೆಸಿಕ್ಕಿದನು. ರಹಸ್ಯವಿದ್ದುದು ಆತನ ಕೈಯ ಆಯುಧದಲ್ಲಿ. ವಿದ್ಯಾರ್ಥಿಯೊಬ್ಬನಿಗೆ ವಿಲಾಯತಿ ಬ್ರೌನಿಂಗ್ ಪಿಸ್ತೂಲು ಎಲ್ಲಿಂದ ಬಂದಿತು?

ಆ ಜಾಡು ಹಿಡಿದು ಹೋದರೆ ತಲುಪುವುದು ಒಂದು ಅಡುಗೆಮನೆಗೆ! ಲಂಡನ್ನಿನ ‘ಇಂಡಿಯಾ ಹೌಸ್’ ಎಂಬ ಭಾರತೀಯ ವಿದ್ಯಾರ್ಥಿಗಳ ವಸತಿಗೃಹದಲ್ಲಿ ಚತುರ್ಭುಜ ಅಮೀನನೆಂಬ ಅಡುಗೆಯವನಿದ್ದನು. 1909ರ ಆರಂಭದಲ್ಲಿ ಆತನು ಹಡಗೇರಿ ಮುಂಬಯಿಗೆ ಮರಳಿದಾಗ, ಆತನ ಪೆಟ್ಟಿಗೆಗೆ ಎರಡು ತಳಗಳಿದ್ದವು. ನಡುವೆ 20 ಪಿಸ್ತೂಲುಗಳು! ಅವನ್ನು ಕಳುಹಿಸಿದವರು ಬಾಬಾರಾಯರ ತಮ್ಮ ವಿನಾಯಕ ಸಾವರಕರರು. ಊರಿಗೆ ಮರಳುವ ಅಡುಗೆಯವನ ಪೆಟ್ಟಿಗೆಯನ್ನು ಯಾರು ತಾನೆ ಅನುಮಾನಿಸುವರು? ಬಡವನ ಸಾಮಾನಿನ ಮೇಲೆ ಲೋಕಕ್ಕಿರುವ ತಾತ್ಸಾರವೇ ಅದಕ್ಕೆ ಕಾವಲಾಯಿತು. ಹೋಟೆಲಿನಲ್ಲಿ ದುಡಿಯುವ ನಮ್ಮ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊಲೆಯ ವಿಚಾರಣೆ ಮುಂಬಯಿ ಹೈಕೋರ್ಟಿನಲ್ಲಿ ನಡೆಯಿತು. 1910ರ ಏಪ್ರಿಲ್ 19ರಂದು ಕಾನ್ಹೇರೆ, ಕೃಷ್ಣಾಜಿ ಕರ್ವೆ, ವಿನಾಯಕ ದೇಶಪಾಂಡೆ, ಈ ಮೂವರೂ ಠಾಣೆಯ ಸೆರೆಮನೆಯಲ್ಲಿ ಗಲ್ಲಿಗೇರಿದರು. ಆ ವರ್ಷವೇ ಸರಕಾರವು ರಂಗಭೂಮಿಯ ಮೇಲೂ ಕೈಯೆತ್ತಿತು. ಖಾಡಿಲ್ಕರರ ‘ಕೀಚಕವಧ’ದಲ್ಲಿ ಪ್ರೇಕ್ಷಕರು ಕೀಚಕನಲ್ಲಿ ಲಾರ್ಡ್ ಕರ್ಜನ್ನನನ್ನೇ ಕಾಣುತ್ತಿದ್ದುದರಿಂದ ಆ ನಾಟಕಕ್ಕೆ ನಿಷೇಧ ಬಿದ್ದಿತು.

ಇನ್ನು, ಗುಂಡು ಹಾರಿದ ರಾತ್ರಿ ಸಾವಿರಾರು ಹರದಾರಿ ದೂರದ ಲಂಡನ್ನಿನಲ್ಲಿದ್ದವರ ಹೊಣೆಯೆಷ್ಟು? ಪಿಸ್ತೂಲು ಕಳುಹಿದವನೂ ಕೊಲೆಯಲ್ಲಿ ಪಾಲುಗಾರನೇ? ಈ ಪ್ರಶ್ನೆ ಬಂದ ವಿಶೇಷ ನ್ಯಾಯಪೀಠದ ಮೂವರಲ್ಲಿ ಒಬ್ಬರು ಹೊನ್ನಾವರದಲ್ಲಿ ಜನಿಸಿದ ಸರ್ ನಾರಾಯಣ ಚಂದಾವರಕರರು. ಪೆಟ್ಟಿಗೆ ಹೊತ್ತು ತಂದ ಅಮೀನನೇ ಸಾಕ್ಷಿ ನುಡಿದನು. ಒಳಸಂಚಿಗಾಗಿ 1910ರಲ್ಲಿ, ಕೊಲೆಗೆ ಕುಮ್ಮಕ್ಕು ಕೊಟ್ಟುದಕ್ಕಾಗಿ 1911ರಲ್ಲಿ, ಹೀಗೆ ಎರಡು ಆಜನ್ಮ ಶಿಕ್ಷೆಗಳು ಸೇರಿ ಸಾವರಕರರಿಗೆ 50 ವರ್ಷಗಳ ಕರಿನೀರು ವಿಧಿಸಲ್ಪಟ್ಟಿತು.

ಆ ಕಾಲದ ಕಿಚ್ಚನ್ನು ಕೆಲವರು ಮೆಚ್ಚುವರು, ಕೆಲವರು ಕೊಲೆಯೆಂದು ಹಳಿಯುವರು. ನಮ್ಮ ಮನಸ್ಸು ನಿಲ್ಲುವುದು ಬೇರೆಡೆ. ನಾಟಕ ನೋಡಲು ಬಂದವನೊಬ್ಬನು ನಾಟಕಗೃಹದಲ್ಲೇ ಪ್ರಾಣ ಬಿಟ್ಟನು. ಮೀಸೆ ಚಿಗುರುವ ಪ್ರಾಯದ ಹುಡುಗನೊಬ್ಬನು ನಾಲ್ಕೇ ತಿಂಗಳಲ್ಲಿ ಅವನನ್ನು ಹಿಂಬಾಲಿಸಿದನು. ಠಾಣೆಯ ಹಳೆಯ ಕೋಟೆಯೊಳಗಿನ ಆ ಸೆರೆಮನೆ ಇಂದಿಗೂ ಇದೆ. ಲೋಕಲ್ ಗಾಡಿಯಲ್ಲಿ ನಿತ್ಯ ಆ ದಾರಿಯಾಗಿ ಸಾಗುವ ನಮ್ಮ ಗುಮಾಸ್ತ ಬಂಧುಗಳು, ಬಿಡುವಿದ್ದೊಂದು ದಿನ ಇಳಿದು ಅದರ ಗೋಡೆಯನ್ನೊಮ್ಮೆ ನೋಡಿ ಬರಬಹುದು.