ಚುಕ್ಕೆಯಿಟ್ಟ ಅಕ್ಷರವೂ ಕಂಪೋಸ್ ಕೀಲಿಯೂ

ಕನ್ನಡದ 'ಹಳ್ಳಿ' ಎಂಬ ಶಬ್ದವನ್ನು ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳಲ್ಲಿ ಬರೆದರೆ ಓದುವವನು ಅದನ್ನು 'ಹಲ್ಲಿ' ಎಂದೂ ಓದಬಹುದು. ಜನರು ವಾಸಿಸುವ ಊರಿಗೂ ಗೋಡೆಯ ಮೇಲಣ ಪ್ರಾಣಿಗೂ ಭೇದವೇ ಉಳಿಯದು. ಈ ತೊಡಕನ್ನು ನಿವಾರಿಸಲೆಂದು ವಿದ್ವಾಂಸರು ರೋಮನ್ 'ಎಲ್' ಅಕ್ಷರದ ಕೆಳಗೊಂದು ಚುಕ್ಕೆಯಿಟ್ಟು ಅದನ್ನು ಳಕಾರವೆಂದು ಗುರುತಿಸಿದರು. ದೀರ್ಘಸ್ವರದ ತಲೆಯ ಮೇಲೆ ಅಡ್ಡಗೆರೆಯೆಳೆದರು. ಬಿ. ಎಲ್. ರೈಸ್ ಅವರು 1886ರಿಂದ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಶಾಸನಗಳ ರೋಮನ್ ಪಾಠವು ಇಂತಹ ವಿಶೇಷ ಚಿಹ್ನೆಗಳೊಡನೆಯೇ ಅಚ್ಚಾಗಿದೆ. 2001ರಲ್ಲಿ ಐಎಸ್‌ಒ 15919 ಎಂಬ ಅಂತರರಾಷ್ಟ್ರೀಯ ಕ್ರಮವೂ ಗೊತ್ತಾಯಿತು. ಫ್ರೆಂಚರ ಪಾಡೂ ಇದಕ್ಕಿಂತ ಬೇರೆಯಲ್ಲ. ಆ ಭಾಷೆಯಲ್ಲಿ ಅಕ್ಷರದ ಮೇಲಣ ಚಿಹ್ನೆ ಬದಲಾದೊಡನೆ ಮೀನುಗಾರನು ಪಾಪಿಯಾಗಿಬಿಡುವನು!

ಆದರೆ ಅಚ್ಚುಮೊಳೆಯಲ್ಲಿ ಸುಲಭವಾದುದು ಯಂತ್ರದ ಕೀಲಿಮಣೆಯಲ್ಲಿ ಸುಲಭವಾಗಲಿಲ್ಲ. ಯೂರೋಪಿನ ಬೆರಳಚ್ಚು ಯಂತ್ರಗಳಲ್ಲಿ 'ಜಡಕೀಲಿ' ಎಂಬ ಉಪಾಯವಿತ್ತು. ಅದನ್ನು ಒತ್ತಿದರೆ ಚಿಹ್ನೆ ಮೂಡುವುದು, ಕಾಗದವು ಮುಂದೆ ಸರಿಯದು. ಬಳಿಕ ಒತ್ತಿದ ಅಕ್ಷರವು ಆ ಚಿಹ್ನೆಯ ಕೆಳಗೇ ಬಂದು ಕೂಡುವುದು. ಗಣಕಯಂತ್ರಗಳಿಗಾಗಿ 1963ರಲ್ಲಿ ರೂಪುಗೊಂಡ ಆಸ್ಕಿ ಸಂಕೇತಮಾಲೆಯಲ್ಲಿದ್ದುದು 128 ಸ್ಥಾನಗಳು ಮಾತ್ರ. ಇಂತಹ ಕೂಡಕ್ಷರಗಳಿಗೆ ಅಲ್ಲಿ ಎಡೆಯೇ ಇರಲಿಲ್ಲ. 1983ರಲ್ಲಿ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಸಂಸ್ಥೆಯ ವಿಟಿ220 ಯಂತ್ರವು ಬಹುಭಾಷಾ ಅಕ್ಷರಮಾಲೆಯೊಡನೆ ಬಂದಿತು. ಅದರ ಕೀಲಿಮಣೆಯಲ್ಲಿ 'ಕಂಪೋಸ್' ಎಂಬ ಪ್ರತ್ಯೇಕ ಕೀಲಿಯಿತ್ತು. ಮುದ್ರಣಾಲಯದಲ್ಲಿ ಮೊಳೆ ಜೋಡಿಸುವವನನ್ನು ಕಂಪೋಸಿಟರ್ ಎಂದು ಕರೆದು ರೂಢಿಯಿರುವವರಿಗೆ ಈ ಹೆಸರಿನ ಔಚಿತ್ಯವು ಒಡನೆಯೇ ತಿಳಿದೀತು.

ಇದರ ಕ್ರಮವು ಸರಳವಾದುದು. ಕಂಪೋಸ್ ಕೀಲಿಯನ್ನು ಒತ್ತಿ ಬಿಡಬೇಕು. ಅನಂತರ ಎರಡು ಕೀಲಿಗಳನ್ನು ಒಂದಾದ ಮೇಲೊಂದರಂತೆ ಒತ್ತಬೇಕು. ಇಂದಿನ ಲಿನಕ್ಸ್ ಗಣಕಗಳಲ್ಲಿ ಬಲಗಡೆಯ ಆಲ್ಟ್ ಅಥವಾ ಅನ್ಯ ಕೀಲಿಯನ್ನು ಈ ಕಾರ್ಯಕ್ಕೆ ನೇಮಿಸಿಕೊಳ್ಳಬಹುದು. ಕಂಪೋಸ್, ಆಶ್ಚರ್ಯಚಿಹ್ನೆ, 'ಎಲ್' ಎಂದು ಒತ್ತಿದರೆ ಚುಕ್ಕೆಯ ಳಕಾರ ಸಿದ್ಧ. ಆಶ್ಚರ್ಯಚಿಹ್ನೆಯ ಬುಡದಲ್ಲಿ ಚುಕ್ಕೆಯಿರುವುದನ್ನು ನೆನೆದರೆ ಸಾಕು, ಇದು ಮರೆಯದು. 'ಟಿ', 'ಡಿ', 'ಎನ್' ಅಕ್ಷರಗಳಿಗೂ ಇದೇ ಕ್ರಮವು ಸಲ್ಲುವುದರಿಂದ ಟಕಾರ, ಡಕಾರ, ಣಕಾರಗಳು ದೊರೆಯುವುವು. ಅಡಿಗೆರೆಯೂ 'ಎ' ಅಕ್ಷರವೂ ಕೂಡಿದರೆ ದೀರ್ಘ ಆಕಾರ. ಅಪಾಸ್ಟ್ರಫಿಯೂ 'ಎಸ್' ಅಕ್ಷರವೂ ಕೂಡಿದರೆ ತಾಲವ್ಯ ಶಕಾರ. ಕಣ್ಣಿಗೆ ಕಾಣುವ ಹೋಲಿಕೆಯನ್ನೇ ನೆನಪಿನ ಆಧಾರವಾಗಿಸಿದುದು ಈ ಏರ್ಪಾಡಿನ ಜಾಣ್ಮೆ; ಸಂಕೇತಸಂಖ್ಯೆಗಳನ್ನು ಬಾಯಿಪಾಠ ಮಾಡುವ ಶ್ರಮ ಇಲ್ಲಿಲ್ಲ. ಬೇಕಾದ ಜೋಡಣೆ ಇಲ್ಲದಿದ್ದರೆ ಬಳಕೆದಾರನು ತನ್ನದೇ ನಿಯಮಗಳನ್ನು ಒಂದು ಕಡತದಲ್ಲಿ ಬರೆದಿಟ್ಟುಕೊಳ್ಳಲೂಬಹುದು.

ಕೆಲವು ಲೇಖನ ಸಂಪಾದಕ ತಂತ್ರಾಂಶಗಳಿಗೆ ತಮ್ಮದೇ ಮಾರ್ಗಗಳಿವೆ. ವಿಮ್‌ನಲ್ಲಿ ಕಂಟ್ರೋಲ್ ಕೀಲಿಯೊಡನೆ 'ಕೆ' ಒತ್ತಿ, 'ಎ' ಮತ್ತು ಕಿರುಗೆರೆಯನ್ನು ಕೊಟ್ಟರೆ ದೀರ್ಘ ಆಕಾರ ಬರುವುದು. ಆದರೆ ಆ ಅಭ್ಯಾಸವು ಆ ತಂತ್ರಾಂಶದ ಹೊರಗೆ ನಿರುಪಯೋಗಿ. ಕಂಪೋಸ್ ಕೀಲಿಯೋ ಪತ್ರ ಬರೆಯುವಲ್ಲಿಯೂ ಗ್ರಂಥಸೂಚಿ ಸಿದ್ಧಪಡಿಸುವಲ್ಲಿಯೂ ಒಂದೇ ತೆರನಾಗಿ ನಡೆಯುವುದು; ಆದ್ದರಿಂದ ಮೊದಲು ಕಲಿಯತಕ್ಕುದು ಇದನ್ನೇ.

ಒಂದು ಎಚ್ಚರಿಕೆ ಮಾತ್ರ ಅವಶ್ಯ. ಯೂನಿಕೋಡ್ ಪದ್ಧತಿಯಲ್ಲಿ ಚುಕ್ಕೆಯ 'ಎಲ್' ಅಕ್ಷರವನ್ನು ಒಂದೇ ಸಂಕೇತವಾಗಿಯೂ, ಅಕ್ಷರ ಮತ್ತು ಚುಕ್ಕೆ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಬೇರೆ ಬೇರೆ. ಕಂಪೋಸ್ ಕೀಲಿಯಿಂದ ಬರುವುದು ಒಂಟಿ ಸಂಕೇತ. ಇತರ ಕಡೆಯಿಂದ ನಕಲಿಳಿಸಿದ ಹೆಸರಿನಲ್ಲಿ ಜೋಡಿ ಸಂಕೇತವಿದ್ದರೆ, ಸೂಚಿಯಲ್ಲಿ ಹುಡುಕಿದಾಗ ಕಣ್ಣೆದುರಿಗಿರುವ ಗ್ರಂಥವೇ ಸಿಗದೆ ಹೋಗಬಹುದು. ಎನ್‌ಎಫ್‌ಸಿ ಎಂಬ ಕ್ರಮದಿಂದ ಇಡೀ ಕಡತವನ್ನು ಏಕರೂಪಕ್ಕೆ ತಂದ ಮೇಲೆಯೇ ಹುಡುಕುವುದು ಲೇಸು.